ಎಲೆ ಥರ ಇರೋ ಮೀನು: ನೀರಲ್ಲಿ ಗುರುತು ಹಿಡಿಯೋದು ಹೇಗೆ?

ಹೊಸ ಡೈವರ್:
ಮುಂದಿನ ತಿಂಗಳು ಮಾಲ್ಡೀವ್ಸ್‌ಗೆ ಹೋಗುತ್ತಿದ್ದೇನೆ. ನೇತ್ರಾಣಿಯಲ್ಲಿ ಡೈವಿಂಗ್ ಕಲಿತೆ, ಅನುಭವ ಕಮ್ಮಿ. ಲೀಫ್ ಸ್ಕಾರ್ಪಿಯನ್‌ಫಿಶ್ ನೋಡಬೇಕು ಅಂತ ತುಂಬಾ ಆಸೆ. ಒಂದು ಫೋಟೋದಲ್ಲಿ ಹಳದಿ, ಇನ್ನೊಂದರಲ್ಲಿ ಗುಲಾಬಿ. ಎರಡೂ ಒಂದೇ ಜಾತಿನಾ? ಹುಡುಕೋದು ಹೇಗೆ?

ಹವಳದಿಬ್ಬ:
ಒಂದೇ ಜಾತಿ. ಕೆಂಪು, ಕಂದು, ಕಪ್ಪು, ಬಿಳಿ ಕೂಡ ಇವೆ. ಹಾಗಾಗಿ ಬಣ್ಣ ನಂಬಿ ಹುಡುಕಬೇಡಿ. ದೊಡ್ಡದನ್ನೂ ನಿರೀಕ್ಷಿಸಬೇಡಿ, ಹೆಚ್ಚೆಂದರೆ 10 ಸೆಂ.ಮೀ. ಪಕ್ಕದಿಂದ ಅಗಲ ಎಲೆ, ಎದುರಿಂದ ನೋಡಿದರೆ ಹಪ್ಪಳದಷ್ಟು ತೆಳ್ಳಗೆ.

ನಾನು ನೋಡುವುದು ಅಲುಗಾಟವನ್ನು. ನಿಜವಾದ ಎಲೆ ಅಲೆಯ ಜೊತೆ ಹೊರಟೇ ಹೋಗುತ್ತೆ. ಇದು ಎದೆಯ ರೆಕ್ಕೆಗಳನ್ನು ಕಲ್ಲಿಗೆ ಊರಿ ಕೂತಿರುತ್ತೆ. ಅತ್ತ ವಾಲುತ್ತೆ, ಇತ್ತ ವಾಲುತ್ತೆ, ಕೂತ ಜಾಗ ಮಾತ್ರ ಬಿಡಲ್ಲ. ಅಂಥದ್ದು ಕಂಡರೆ ತಡೆದು ನಿಂತು ಕಣ್ಣು ಹುಡುಕಿ. ಬೆನ್ನಿನ ರೆಕ್ಕೆ ತಲೆಯಿಂದಲೇ ದೋಣಿಯ ಹಾಯಿಪಟದ ಹಾಗೆ ಎದ್ದಿರುತ್ತೆ, ಕಣ್ಣು ಅದರ ಬುಡದಲ್ಲೇ.

ಅದೃಷ್ಟವಿದ್ದರೆ ಬೇಟೆಯೂ ಕಾಣಬಹುದು. ವಾಲುತ್ತಾ ವಾಲುತ್ತಾ ಸಣ್ಣ ಸಿಗಡಿಯ ಹತ್ತಿರ ಸರಿಯುತ್ತೆ. ಆಮೇಲೆ ಬಾಯಿ ತೆರೆದದ್ದೂ ಗೊತ್ತಾಗಲ್ಲ, ಸಿಗಡಿ ಮಾಯ! ಕಚ್ಚುವುದಲ್ಲ, ನೀರಿನ ಸಮೇತ ಒಳಗೆ ಎಳೆದುಕೊಳ್ಳುವುದು.

ಅಕ್ವೇರಿಯಂ ಹುಚ್ಚ:
ಅಮೆಜಾನ್ ಸಿಹಿನೀರಲ್ಲೂ ಒಂದು ಎಲೆಮೀನಿದೆ. ಅದರ ಗದ್ದದ ಮೇಲೆ ತೊಟ್ಟಿನಂಥ ಮೀಸೆ ಬೇರೆ! ತಲೆ ಕೆಳಗೆ ಮಾಡಿ ತೇಲುತ್ತಾ ಬಂದು ಮೀನು ನುಂಗುತ್ತೆ. ಇವೆರಡೂ ಸಂಬಂಧಿಕರಾ?

ಹವಳದಿಬ್ಬ:
ಇಲ್ಲ, ಬೇರೆ ಬೇರೆ ಕುಟುಂಬ. ಉಪಾಯ ಮಾತ್ರ ಒಂದೇ. ಆದರೆ ನಮ್ಮದು ಹಾವಿನ ಥರ ಪೊರೆ ಕೂಡ ಬಿಡುತ್ತೆ! ಒಂದೇ ಕಡೆ ಕೂತೂ ಕೂತೂ ಮೈಮೇಲೆ ಪಾಚಿ ಬೆಳೆಯುತ್ತಲ್ವಾ, ಅದೆಲ್ಲ ಪೊರೆಯ ಜೊತೆ ಹೋಗುತ್ತೆ.

ಹೊಸ ಡೈವರ್:
ಅಬ್ಬಾ! ವಿಷ ಇದೆಯಾ?

ಹವಳದಿಬ್ಬ:
ಬೆನ್ನಿನ ಮುಳ್ಳುಗಳಲ್ಲಿದೆ. ಚುಚ್ಚಿದರೆ ಸಹಿಸುವಷ್ಟು ಬಿಸಿ ನೀರಲ್ಲಿ ಕೈ ಇಟ್ಟು ಡಾಕ್ಟರ್ ಹತ್ತಿರ ಹೋಗಿ. ಮುಟ್ಟದಿದ್ದರೆ ಅದು ತಾನಾಗಿ ಬರಲ್ಲ. ನನಗೆ ಸಿಟ್ಟು ಬರುವುದು ಫೋಟೋಗೋಸ್ಕರ ಕಡ್ಡಿಯಿಂದ ತಿವಿಯೋರ ಮೇಲೆ. ಸುಮ್ನೆ ಬಿಟ್ಟರೆ ಅದೇ ಕಲ್ಲಿನ ಮೇಲೆ ವಾರಗಟ್ಟಲೆ ಇರುತ್ತೆ. ಹಾಗಾಗಿ ಹೋದ ತಕ್ಷಣ ಅಲ್ಲಿನ ಗೈಡ್‌ನ ಕೇಳಿ, ಯಾವ ಕಲ್ಲು ಅಂತ ಅವರಿಗೆ ಗೊತ್ತಿರುತ್ತೆ. ಒಂದು ಸಿಕ್ಕಿದರೆ ಅಕ್ಕಪಕ್ಕದಲ್ಲೂ ನೋಡಿ, ಎಷ್ಟೋ ಸಲ ಜೋಡಿಯಾಗಿರುತ್ತವೆ.