ಜೀವಶಾಸ್ತ್ರ ಓದಿದವರಿಗೆ ಬಯೋಮೆಡಿಕಲ್ ಎಂಜಿನಿಯರಿಂಗ್ ಮಾಸ್ಟರ್ಸ್ ಸಿಗುತ್ತದೆಯೇ?

ಪ್ರಶ್ನೆ: ಪದವಿಯಲ್ಲಿ ಓದಿದ್ದು ಜೀವಶಾಸ್ತ್ರ. ಬಯೋಮೆಡಿಕಲ್ ಎಂಜಿನಿಯರಿಂಗ್ ಮಾಸ್ಟರ್ಸ್‌ಗೆ ಏನೇನು ಕೇಳುತ್ತಾರೆ? ಥೀಸಿಸ್ ಕಡ್ಡಾಯವೇ?

ಉತ್ತರ 1: ಎಷ್ಟೋ ಕಡೆ ಸೇರಿಸಿಕೊಳ್ಳುತ್ತಾರೆ, ಆದರೆ ಕೊರತೆ ತುಂಬಿಕೊಂಡು ಬನ್ನಿ ಅನ್ನುತ್ತಾರೆ: ಡಿಫರೆನ್ಶಿಯಲ್ ಈಕ್ವೇಶನ್‌ವರೆಗಿನ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಕ್ಯಾಲ್ಕುಲಸ್ ಬಳಸುವ ಭೌತಶಾಸ್ತ್ರ, ಸರ್ಕ್ಯೂಟ್, ಒಂದು ಪ್ರೋಗ್ರಾಮಿಂಗ್ ಭಾಷೆ. ಈ ಕೋರ್ಸುಗಳ ಕ್ರೆಡಿಟ್ ಸಾಮಾನ್ಯವಾಗಿ ಮಾಸ್ಟರ್ಸ್ ಲೆಕ್ಕಕ್ಕೆ ಸೇರುವುದಿಲ್ಲ, ಹಾಗಾಗಿ ಒಂದೆರಡು ಸೆಮಿಸ್ಟರ್ ಹೆಚ್ಚು ಹಿಡಿಯಬಹುದು.

ಉತ್ತರ 2: ಆ ಪಟ್ಟಿಗೆ ಸಿಗ್ನಲ್ಸ್ (ಅಳತೆಯ ಏರಿಳಿತಗಳನ್ನು ದಾಖಲಿಸಿ ವಿಶ್ಲೇಷಿಸುವ ವಿಷಯ) ಸೇರಿಸಿ, ಎಡವುವುದು ಅಲ್ಲೇ. ಇಸಿಜಿಯನ್ನು ಸೆಕೆಂಡಿಗೆ 250 ಸ್ಯಾಂಪಲ್‌ನಂತೆ ದಾಖಲಿಸಿದರೆ 125 ಹರ್ಟ್ಸ್‌ಗಿಂತ ಕೆಳಗಿನದನ್ನು ಮಾತ್ರ ನಂಬಬಹುದು. ಮೊದಲೇ ಅನಲಾಗ್ ಫಿಲ್ಟರ್ (ಸ್ಯಾಂಪಲ್ ಮಾಡುವ ಮುನ್ನವೇ ಹೆಚ್ಚಿನ ಹರ್ಟ್ಸ್ ತಡೆಯುವ ಸರ್ಕ್ಯೂಟ್) ಹಾಕದಿದ್ದರೆ ಸ್ನಾಯುವಿನ 200 ಹರ್ಟ್ಸ್ ಗದ್ದಲ 50 ಹರ್ಟ್ಸ್ (250 − 200) ವೇಷ ಹಾಕಿ ಬರುತ್ತದೆ. ನಮ್ಮ ಕರೆಂಟ್ ಕೂಡ 50 ಹರ್ಟ್ಸ್ ಆದ್ದರಿಂದ ನೋಡಿದವರು ಕರೆಂಟ್ ಲೈನಿನ ತೊಂದರೆ ಅಂದುಕೊಂಡು ವೈರು ಹುಡುಕುತ್ತಾರೆ! ಆಮೇಲೆ ಸಾಫ್ಟ್‌ವೇರಿನಲ್ಲಿ ಅದನ್ನು ಬೇರ್ಪಡಿಸಲು ಆಗದು.

ಉತ್ತರ 3: ಥೀಸಿಸ್ ಎಲ್ಲ ಕಡೆ ಕಡ್ಡಾಯವಲ್ಲ, ಬರೀ ಕೋರ್ಸ್‌ವರ್ಕ್ ದಾರಿಯೂ ಇರುತ್ತದೆ. ಪಿಎಚ್.ಡಿ. ಮನಸ್ಸಿದ್ದರೆ ಥೀಸಿಸ್ಸೇ ವಾಸಿ. ಮನುಷ್ಯರಿಂದ ರೀಡಿಂಗ್ ತೆಗೆಯುವುದಿದ್ದರೆ ಎಥಿಕ್ಸ್ ಕಮಿಟಿಗೆ ಆದಷ್ಟು ಬೇಗ ಅರ್ಜಿ ಹಾಕಿ. ಒಪ್ಪಿಗೆಗೆ ಮುಂಚೆ ತೆಗೆದ ರೀಡಿಂಗ್ ಎಷ್ಟು ಚೆನ್ನಾಗಿದ್ದರೂ ಥೀಸಿಸ್‌ಗೆ ಬಳಸುವಂತಿಲ್ಲ.