ಅಪ್‌ಡೇಟ್: ಟ್ರ್ಯಾಕ್ಟರ್ ಏರ್ ಹಿಡಿಯೋದು ನಿಂತಿತು

ಹಳೇ ಟ್ರ್ಯಾಕ್ಟರ್ ಚೆನ್ನಾಗಿ ಸ್ಟಾರ್ಟ್ ಆಗಿ, ರೋಟವೇಟರ್ ಹಾಕಿದ ಸ್ವಲ್ಪ ಹೊತ್ತಿಗೆ ಆಫ್ ಆಗುತ್ತದೆ, ಡೀಸೆಲ್ ಲೈನಿನಲ್ಲಿ ಸೇರಿಕೊಂಡ ಏರ್ (ಗಾಳಿ) ತೆಗೆದರೆ ಮತ್ತೆ ಓಡುತ್ತದೆ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ಸುಮ್ನೆ ಇಂಜೆಕ್ಷನ್ ಪಂಪ್ (ಇಂಜೆಕ್ಟರ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಪಂಪ್) ಬಿಚ್ಚಿಸಬೇಡಿ, ಟ್ಯಾಂಕ್ ಕಡೆಯಿಂದ ನೋಡಿ ಅಂದವರ ಮಾತೇ ಸರಿ.

ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೆ ಬರುವ ಲೈನಿಗೆ ಒಳಗೆ ಕಾಣುವ ಪ್ಲಾಸ್ಟಿಕ್ ಪೈಪ್ ಹಾಕಿ ರೇಸ್ ಮಾಡಿದೆವು. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬರುತ್ತಿದ್ದವು! ಟ್ಯಾಂಕ್ ತಳದ ಜಾಲರಿಯಲ್ಲಿ ಕಸ ಕಟ್ಟಿಕೊಂಡಿತ್ತು, ಲೋಡ್ ಬಿದ್ದಾಗ ಡೀಸೆಲ್ ಸಾಲದೆ ಪಂಪ್ ಜೋರಾಗಿ ಎಳೆದು, ಬ್ಯಾಂಜೋ ಬೋಲ್ಟಿನ (ಡೀಸೆಲ್ ಪೈಪ್ ಜೋಡಿಸುವ, ಒಳಗೆ ತೂತಿರುವ ಬೋಲ್ಟ್) ಸವೆದ ತಾಮ್ರದ ವಾಷರ್ ಸಂದಿಯಿಂದ ಗಾಳಿ ಒಳಗೆ ಹೋಗುತ್ತಿತ್ತು. ಹೊರಗೆ ಸೋರಿಕೆ ಅಂತ ಏನೂ ಕಾಣಲಿಲ್ಲ, ಬೋಲ್ಟ್ ಸುತ್ತ ಮಾತ್ರ ಒದ್ದೆ ಧೂಳು ಅಂಟಿತ್ತು.

ಜಾಲರಿ ತೊಳೆದು, ಹೊಸ ವಾಷರ್ ಹಾಕಿದ ಮೇಲೆ ನಿಲ್ಲದೆ ಓಡುತ್ತಿದೆ. ಬೆಳಿಗ್ಗೆ ಬಿಳಿ ಹೊಗೆ ಸ್ವಲ್ಪ ಜಾಸ್ತಿ, ಇಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ತೊಂದರೆ ಇರಬಹುದು ಅಲ್ವಾ? ಉಳುಮೆ ಮುಗಿದ ಮೇಲೆ ನೋಡುತ್ತೇನೆ.