ಟಿಬಿ ಬಂದವರಿಗೆ ಎಚ್‌ಐವಿ ಟೆಸ್ಟ್ ಯಾಕೆ?

ಮಲ್ಪೆಯವ:
ನನ್ನ ಮಾವ ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ತುಂಬಾ ದಿನದಿಂದ ಕೆಮ್ಮು, ಸಂಜೆಯಾದರೆ ಜ್ವರ. ಕಫ ಪರೀಕ್ಷೆಯಲ್ಲಿ ಟಿಬಿ ಅಂತ ಬಂತು, ಕೂಡಲೇ ಎಚ್‌ಐವಿ ಟೆಸ್ಟನ್ನೂ ಮಾಡಿಸಿ ಅಂದರು. ಅತ್ತೆಗೆ ಭಯಂಕರ ಸಿಟ್ಟು, "ನಮ್ಮವರನ್ನು ಎಂತ ಅಂದುಕೊಂಡಿದ್ದಾರೆ" ಅಂತ. ಕೆಮ್ಮಿಗೂ ಎಚ್‌ಐವಿಗೂ ಎಂತ ಸಂಬಂಧ ಮಾರಾಯ್ರೆ?

ಕದ್ರಿ_ಲ್ಯಾಬ್:
ನಾನು ಮಂಗಳೂರಿನಲ್ಲಿ ಲ್ಯಾಬಿನಲ್ಲಿದ್ದೇನೆ. ಮಾವನ ಮುಖ ನೋಡಿ ಹೇಳಿದ್ದಲ್ಲ, ಟಿಬಿ ಅಂತಾದರೆ ಯಾರಿಗಾದರೂ ಎಚ್‌ಐವಿ, ಶುಗರ್ ಎರಡನ್ನೂ ನೋಡುತ್ತಾರೆ. ಒಂದು ಇನ್ನೊಂದಾಗಿ ಬದಲಾಗುವುದಿಲ್ಲ. ಟಿಬಿ ಗಾಳಿಯಲ್ಲಿ ಬರುವ ಬ್ಯಾಕ್ಟೀರಿಯಾ, ಎಚ್‌ಐವಿ ಹಾಗೆ ಬರುವುದೇ ಇಲ್ಲ. ಆದರೆ ನಮ್ಮಲ್ಲಿ ಎಷ್ಟೋ ಜನರ ಮೈಯೊಳಗೆ ಟಿಬಿ ರೋಗಾಣು ಸುಮ್ನೆ ಮಲಗಿರುತ್ತದೆ, ಅದನ್ನು ಏಳದ ಹಾಗೆ ನೋಡಿಕೊಳ್ಳುವ ಸಿಡಿ4 ಅನ್ನುವ ಬಿಳಿ ರಕ್ತಕಣಗಳನ್ನೇ ಎಚ್‌ಐವಿ ಹಾಳು ಮಾಡುವುದು. ಎಚ್‌ಐವಿ ಇಲ್ಲದವರಲ್ಲಿ ಮಲಗಿದ ಟಿಬಿ ಏಳುವುದು ಇಡೀ ಜೀವಮಾನದಲ್ಲಿ 100ಕ್ಕೆ 5ರಿಂದ 10 ಜನರಿಗೆ. ಎಚ್‌ಐವಿ ಇದ್ದು ಮಾತ್ರೆ ತೆಗೆದುಕೊಳ್ಳದಿದ್ದರೆ ಹೆಚ್ಚುಕಡಿಮೆ ಅಷ್ಟೇ ಅಪಾಯ ಒಂದೊಂದು ವರ್ಷಕ್ಕೆ!

ಪಡುಬಿದ್ರಿ_ಪೋಕ:
ಹಾಗಾದರೆ ಎಚ್‌ಐವಿ ಇದ್ದವರ ಟಿಬಿ ಜಾಸ್ತಿ ಅಂಟುತ್ತದಾ? ನಮ್ಮ ಕೆಲಸದ ಕಡೆ ಒಬ್ಬರ ತಟ್ಟೆ ಲೋಟವನ್ನೇ ಬೇರೆ ಇಟ್ಟಿದ್ದರು.

ಕದ್ರಿ_ಲ್ಯಾಬ್:
ತಟ್ಟೆಯಿಂದ ಎರಡೂ ಬರುವುದಿಲ್ಲ, ಅದು ಬರೀ ಅವಮಾನ. ಎಚ್‌ಐವಿ ಇದ್ದವರ ಕಫದಲ್ಲಿ ರೋಗಾಣು ಹೆಚ್ಚಾಗಿ ಕಡಿಮೆಯೇ ಇರುತ್ತದೆ. ಅದೇ ತೊಂದರೆ ಕೂಡ, ಮೈಕ್ರೋಸ್ಕೋಪಿನಲ್ಲಿ ಕಾಣದೆ ತಪ್ಪಿಹೋಗುತ್ತದೆ, ಹಾಗಾಗಿ ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಟೆಸ್ಟ್ ಮಾಡುವುದು. ಊರಿನ ಲೆಕ್ಕದಲ್ಲಿ ಟಿಬಿ ಹೆಚ್ಚುವುದು ಕಾಯಿಲೆ ಬೀಳುವವರೇ ಜಾಸ್ತಿಯಾಗುವುದರಿಂದ. ದಕ್ಷಿಣ ಆಫ್ರಿಕಾದಲ್ಲಿ ಎಚ್‌ಐವಿ ಹರಡಿದ ಮೇಲೆ ಟಿಬಿ ಹೆಚ್ಚಿದ್ದು ಹೀಗೇ ಅಲ್ವಾ.

ಮಲ್ಪೆಯವ:
ಒಂದು ವೇಳೆ ಪಾಸಿಟಿವ್ ಬಂದರೆ?

ಸುರತ್ಕಲ್_ಅಕ್ಕ:
ಆದರೂ ಟಿಬಿ ಗುಣವಾಗುತ್ತದೆ ತಮ್ಮ. ಮೊದಲು ಟಿಬಿ ಮಾತ್ರೆ, ಆಮೇಲೆ ಕೆಲವು ವಾರದಲ್ಲಿ ಎಆರ್‌ಟಿ, ಅಂದರೆ ಎಚ್‌ಐವಿ ಮಾತ್ರೆ. ಟಿಬಿ ಮಾತ್ರೆಯಲ್ಲಿ ರಿಫಾಂಪಿಸಿನ್ ಇರುವಾಗ ಎಚ್‌ಐವಿಯ ಡೊಲುಟೆಗ್ರಾವಿರ್ ಮಾತ್ರೆ ದಿನಕ್ಕೆ ಎರಡು ಸಲ ಬೇಕಾಗುತ್ತದೆ, ಆದ್ದರಿಂದ ಎರಡೂ ಕಡೆಯ ಡಾಕ್ಟರಿಗೆ ಎಲ್ಲಾ ಮಾತ್ರೆ ತೋರಿಸಿ. ಮಂಗಳೂರಿನಲ್ಲಿ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರ ಇದೆ, ಮಾತ್ರೆ ಉಚಿತ. ಟೆಸ್ಟಿಗೆ ಮಾವನ ಒಪ್ಪಿಗೆ ಬೇಕು, ರಿಪೋರ್ಟ್ ಗುಟ್ಟಾಗಿಡಬೇಕು ಅಂತ 2017ರ ಕಾನೂನೇ ಇದೆ. ಟಿಬಿ ಇದ್ದವರ ಊಟಕ್ಕೆ ಸರ್ಕಾರ ಕೊಡುವ ನಿಕ್ಷಯ್ ದುಡ್ಡು ತಿಂಗಳಿಗೆ 1000 ರೂಪಾಯಿ, ಬ್ಯಾಂಕ್ ಪಾಸ್‌ಬುಕ್ ಕೊಟ್ಟು ಬನ್ನಿ. ಬೋಟಿನ ಕ್ಯಾಬಿನ್‌ನಲ್ಲಿ ಮಾವನ ಜೊತೆ ಮಲಗುತ್ತಿದ್ದವರಿಗೂ ಕೆಮ್ಮು ಇದೆಯಾ ಕೇಳಿ, ಅವರನ್ನೂ ತೋರಿಸಬೇಕು.